ಟ್ರ್ಯಾಕ್‌ಗೆ ಇಳಿಯುವ ಮೊದಲು ಹೆಲ್ಮೆಟ್: ಕರಾವಳಿ–ಮಲೆನಾಡಿನ ಹವ್ಯಾಸಿ ಚಾಲಕರಿಗೆ ಸಮಗ್ರ ಮಾರ್ಗದರ್ಶಿ

ಉತ್ತರ ಕನ್ನಡದಲ್ಲಿ ಕಾರು ಓಡಿಸುವ ರೇಸಿಂಗ್ ಟ್ರ್ಯಾಕ್ ಇಲ್ಲ. ಕಾರವಾರ, ಕುಮಟಾ, ಶಿರಸಿ ಕಡೆಯವರು ತಮ್ಮ ಕಾರನ್ನು ಟ್ರ್ಯಾಕ್ ಮೇಲೆ ಓಡಿಸಿ ನೋಡಬೇಕೆಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಸಮೀಪ ಇರುಂಗಾಟ್ಟುಕೊಟ್ಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್‌ಗೋ ಹೋಗಬೇಕು. ಘಟ್ಟ ಹತ್ತಿ, ರಾತ್ರಿಯಿಡೀ ಗಾಡಿ ಹೊಡೆದು, ಶುಲ್ಕ ಕಟ್ಟಿ ತಪಾಸಣೆಯ ಮೇಜಿನ ಮುಂದೆ ನಿಂತಾಗ ‘ಈ ಹೆಲ್ಮೆಟ್ ನಡೆಯುವುದಿಲ್ಲ’ ಅನ್ನಿಸಿಕೊಳ್ಳುವುದು ಬೇಸರದ ಸಂಗತಿ. ಸಡಿಲ ಹೆಲ್ಮೆಟ್ ಹಾಕಿಕೊಂಡೇ ಒಳಗೆ ಹೋಗಲು ಬಿಟ್ಟರೆ ಅದು ಇನ್ನೂ ಕೆಟ್ಟದ್ದು.

ಆದ್ದರಿಂದ ಕೊಳ್ಳುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಆಯೋಜಕರ ನಿಯಮ, ಆಮೇಲೆ ಹೆಲ್ಮೆಟ್ಟಿನ ಪ್ರಮಾಣಪತ್ರ, ಆಮೇಲೆ ನಿಮ್ಮ ಕಾರಿನ ಸೀಟ್‌ಬೆಲ್ಟ್, ಆಮೇಲೆ ತಲೆಯ ಅಳತೆ ಮತ್ತು ಆಕಾರ. ಬ್ರ್ಯಾಂಡು, ಬಣ್ಣ ಇವೆಲ್ಲ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ, ದುಡ್ಡು ಹಾಳಾಗುವುದು ಅಲ್ಲೇ.

ಹಂತ 1: ಆಯೋಜಕರಿಗೆ ಫೋನ್ ಮಾಡಿ, ಲಿಖಿತ ಉತ್ತರ ಪಡೆಯಿರಿ

ಒಂದೊಂದು ಕಾರ್ಯಕ್ರಮದ ನಿಯಮ ಒಂದೊಂದು ರೀತಿ. ಕೆಲವರು ಮುಖ ಪೂರ್ತಿ ಮುಚ್ಚುವ ಬೈಕ್ ಹೆಲ್ಮೆಟ್ ಇದ್ದರೆ ಸಾಕು ಅನ್ನುತ್ತಾರೆ, ಕೆಲವರು ಕಾರ್ ರೇಸಿಂಗ್‌ಗೆಂದೇ ಮಾಡಿದ್ದನ್ನು ಕೇಳುತ್ತಾರೆ. ಸ್ಪರ್ಧೆಗೆ ಇಳಿಯುವುದಾದರೆ ದೇಶದ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಎಂಎಸ್‌ಸಿಐಯ ಆ ವರ್ಷದ ನಿಯಮ ಅನ್ವಯಿಸುತ್ತದೆ. ಮೂರು ಪ್ರಶ್ನೆ ಕೇಳಿ: ಯಾವ ಯಾವ ಪ್ರಮಾಣಪತ್ರ ಒಪ್ಪುತ್ತೀರಿ? ಅದು ಎಷ್ಟು ಹಳೆಯದಾದರೂ ನಡೆಯುತ್ತದೆ? ಹ್ಯಾನ್ಸ್ (ಡಿಕ್ಕಿಯಲ್ಲಿ ಕುತ್ತಿಗೆ ಕಾಯುವ ಕಾಲರ್) ಕಡ್ಡಾಯವೇ? ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲೋ ಮೇಲ್‌ನಲ್ಲೋ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ತಪಾಸಣೆಯ ದಿನ ನೆನಪಿಗೆ ಬಾರದು.

ಹಂತ 2: ಹೆಲ್ಮೆಟ್ಟಿನ ಒಳಗಿರುವ ಚೀಟಿ ಓದಲು ಕಲಿಯಿರಿ

ಹೆಲ್ಮೆಟ್ಟಿನ ಹೊರಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಚೂಪಾದದ್ದು ಒಳಗೆ ನುಗ್ಗದಂತೆ ತಡೆಯುತ್ತದೆ. ತಲೆಯನ್ನು ನಿಜವಾಗಿ ಉಳಿಸುವುದು ಅದರ ಒಳಗಿನ ಇಪಿಎಸ್ ಪದರ. ಹೊಸ ಮಿಕ್ಸಿಯ ಡಬ್ಬದೊಳಗೆ ಬರುತ್ತದಲ್ಲ, ಆ ಥರ್ಮಾಕೋಲ್‌ನದೇ ಜಾತಿ, ಆದರೆ ಹೆಚ್ಚು ಗಟ್ಟಿ. ಪೆಟ್ಟು ಬಿದ್ದಾಗ ಇದು ಜಜ್ಜಿ ತೆಳ್ಳಗಾಗುತ್ತದೆ, ಆ ಜಜ್ಜುವಿಕೆಯಲ್ಲೇ ಪೆಟ್ಟಿನ ಶಕ್ತಿ ಖರ್ಚಾಗುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಆ ಜಾಗದಲ್ಲಿ ಮುಂದಿನ ಪೆಟ್ಟಿಗೆ ರಕ್ಷಣೆ ಇಲ್ಲ. ಈ ಪದರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಅಂಗಡಿಯಲ್ಲಿ ಬೆರಳಿಂದ ಒತ್ತಿ ತಿಳಿಯಲಾಗದು. ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಹೇಳುವ ಪ್ರಮಾಣಪತ್ರದ ಚೀಟಿ ಇರುವುದು ಅದಕ್ಕೇ.

ಐಎಸ್‌ಐ: ಭಾರತದಲ್ಲಿ ದ್ವಿಚಕ್ರ ವಾಹನದ ಹೆಲ್ಮೆಟ್‌ಗೆ 2021ರ ಜೂನ್ 1ರಿಂದ ಇದು ಕಡ್ಡಾಯ. ಗುರುತಿನ ಮೇಲ್ಗಡೆ ಐಎಸ್ 4151 ಎಂದೂ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದರೆ ಯಾವ ಕಂಪನಿಯದು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಹೆದ್ದಾರಿ ಪಕ್ಕ ಹಗ್ಗಕ್ಕೆ ನೇತುಹಾಕಿ ಮಾರುವವುಗಳಲ್ಲಿ ಎಷ್ಟೋ ಸಲ ಬರೀ ಗುರುತಿನ ಸ್ಟಿಕ್ಕರ್ ಇರುತ್ತದೆ, ಸಂಖ್ಯೆ ಇರುವುದಿಲ್ಲ. ಅಂಥದ್ದನ್ನು ಸ್ಕೂಟರಿಗೂ ಕೊಳ್ಳಬೇಡಿ.

ಇಸಿಇ 22.06: ಯುರೋಪಿನ ಬೈಕ್ ಹೆಲ್ಮೆಟ್ ಪರೀಕ್ಷೆಯ ಹೊಸ ಆವೃತ್ತಿ. ಹಿಂದಿನ 22.05ಕ್ಕಿಂತ ಹೆಚ್ಚು ಜಾಗಗಳಲ್ಲಿ ಪೆಟ್ಟು ಕೊಟ್ಟು ನೋಡುತ್ತಾರೆ, ಓರೆಯಾಗಿ ಬಿದ್ದಾಗ ತಲೆ ಗಿರ್ರನೆ ತಿರುಗುವುದನ್ನೂ ಅಳೆಯುತ್ತಾರೆ. ಗದ್ದದ ಪಟ್ಟಿಗೆ ಹೊಲಿದ ಬಿಳಿ ಚೀಟಿಯಲ್ಲಿ ವೃತ್ತದೊಳಗೆ ‘ಇ’ ಅಕ್ಷರ, ಅದರ ಹತ್ತಿರ 06 ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಜೊತೆಗಿನ ಅಕ್ಷರವನ್ನು ತಪ್ಪದೆ ನೋಡಿ. ‘ಪಿ’ ಇದ್ದರೆ ಗದ್ದದ ಭಾಗವೂ ಪರೀಕ್ಷೆಯಲ್ಲಿ ಪಾಸಾಗಿದೆ, ‘ಜೆ’ ಇದ್ದರೆ ಮುಖ ತೆರೆದ ಬಗೆ, ‘ಎನ್‌ಪಿ’ ಇದ್ದರೆ ಗದ್ದದ ಭಾಗ ಹೆಸರಿಗೆ ಮಾತ್ರ.

ಸ್ನೆಲ್: 1956ರಲ್ಲಿ ರೇಸಿನಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ ವಿಲಿಯಂ ‘ಪೀಟ್’ ಸ್ನೆಲ್ ಅವರ ನೆನಪಿಗೆ ಮರುವರ್ಷ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ. ಇವರ ಚೀಟಿಯಲ್ಲಿ ಅಕ್ಷರ ಮತ್ತು ವರ್ಷ ಇರುತ್ತದೆ. ‘ಎಂ’ ಬೈಕಿಗೆ, ‘ಕೆ’ ಗೋ ಕಾರ್ಟ್‌ಗೆ, ‘ಎಸ್‌ಎ’ ಕಾರ್ ರೇಸಿಂಗ್‌ಗೆ. ಈಗ ಮಾರುಕಟ್ಟೆಯಲ್ಲಿ ಸಿಗುವುದು ಎಸ್‌ಎ 2020 ಮತ್ತು ಅದರ ನಂತರದ ಎಸ್‌ಎ 2025. ಐದು ವರ್ಷಕ್ಕೊಮ್ಮೆ ಆವೃತ್ತಿ ಬದಲಾಗುತ್ತದೆ. ಹಳೆಯ ಸ್ಟಾಕ್ ರಿಯಾಯಿತಿಗೆ ಬರುವುದೂ ಆ ಹೊತ್ತಿಗೇ. ಆಯೋಜಕರು ಇನ್ನೆಷ್ಟು ವರ್ಷ ಅದನ್ನು ಒಪ್ಪುತ್ತಾರೆಂದು ಕೇಳದೆ ರಿಯಾಯಿತಿಗೆ ಮರುಳಾಗಬೇಡಿ.

ಎಂ ಮತ್ತು ಎಸ್‌ಎ ನಡುವೆ ಮುಖ್ಯ ವ್ಯತ್ಯಾಸ ಮೂರು. ಎಸ್‌ಎಗೆ ಬೆಂಕಿಯ ಪರೀಕ್ಷೆ ಇದೆ: ಸುಮಾರು 790 ಡಿಗ್ರಿ ಸೆಲ್ಸಿಯಸ್‌ನ ಪ್ರೊಪೇನ್ ಜ್ವಾಲೆಯನ್ನು ಚಿಪ್ಪು, ಅಂಚು, ಗದ್ದದ ಪಟ್ಟಿ, ವೈಸರ್‌ಗೆ ಹಿಡಿಯುತ್ತಾರೆ. ಹೊತ್ತಿಕೊಂಡ ಬೆಂಕಿ ತಾನಾಗಿ ಆರಬೇಕು, ಒಳಗಿನ ಬಟ್ಟೆ 70 ಡಿಗ್ರಿ ದಾಟಬಾರದು. ಎರಡನೆಯದು, ಕಾರಿನೊಳಗೆ ತಲೆ ರೋಲ್ ಕೇಜಿನ (ಕಾರು ಮಗುಚಿದಾಗ ಛಾವಣಿ ಕುಸಿಯದಂತೆ ಒಳಗೆ ಕಟ್ಟುವ ಪಂಜರದ) ಕಬ್ಬಿಣದ ಕೊಳವೆಗೆ ಮತ್ತೆ ಮತ್ತೆ ಬಡಿಯಬಹುದು ಎಂದು ಆ ಆಕಾರದ ಮೇಲೆಯೇ ಒಂದಕ್ಕಿಂತ ಹೆಚ್ಚು ಸಲ ಬೀಳಿಸಿ ನೋಡುತ್ತಾರೆ. ಮೂರನೆಯದು, ಎಸ್‌ಎಯಲ್ಲಿ ಕಣ್ಣಿನ ಕಿಂಡಿ ಕಿರಿದಾಗಿರಲು ಅವಕಾಶ ಇದೆ. ಟ್ರ್ಯಾಕ್‌ಗೆ ಕೊಂಡ ಎಸ್‌ಎ ಹೆಲ್ಮೆಟ್ಟನ್ನೇ ಸ್ಕೂಟರ್ ಮೇಲೆ ಗೋಕರ್ಣಕ್ಕೆ ಹಾಕಿಕೊಂಡು ಹೋಗಬಾರದು ಅನ್ನುವುದಕ್ಕೆ ಇದೇ ಕಾರಣ. ಪಕ್ಕದಿಂದ ನುಗ್ಗುವ ಟೆಂಪೊ ಕಾಣುವುದು ತಡವಾಗುತ್ತದೆ. ಐಎಸ್‌ಐ ಗುರುತೂ ಇರದಿದ್ದರೆ ರಸ್ತೆಯಲ್ಲಿ ಅದು ಕಾನೂನಿಗೂ ಒಗ್ಗದು.

ಅಂತಾರಾಷ್ಟ್ರೀಯ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಐಎಯ 8859 ಮತ್ತು 8860 ಎಂಬ ಸಂಖ್ಯೆಗಳನ್ನೂ ಕಾಣುತ್ತೀರಿ. 8860 ಮೇಲಿನ ಹಂತದ ವೃತ್ತಿಪರ ರೇಸಿಂಗ್‌ಗೆ. ಹವ್ಯಾಸಿಗೆ ಆ ಖರ್ಚು ಬೇಡ.

ಚೀಟಿ ಹುಡುಕುವುದು ಎಲ್ಲಿ? ಸ್ನೆಲ್ ಮತ್ತು ಎಫ್‌ಐಎ ಚೀಟಿಗಳು ಸಾಮಾನ್ಯವಾಗಿ ಒಳಬಟ್ಟೆಯ ಅಡಿಯಲ್ಲಿ ಅಂಟಿರುತ್ತವೆ. ಬಟ್ಟೆಯನ್ನು ಮೆಲ್ಲಗೆ ಸರಿಸಿ ನೋಡಬೇಕು. ಬರೀ ಹೊರಗಡೆ ದೊಡ್ಡದಾಗಿ ‘ಸ್ನೆಲ್’ ಎಂದು ಅಂಟಿಸಿ ಒಳಗೆ ಏನೂ ಇಲ್ಲದಿದ್ದರೆ ಅದು ನಕಲಿ. ಪ್ರಮಾಣಪತ್ರ ಪಡೆದ ಮಾಡೆಲ್‌ಗಳ ಪಟ್ಟಿಯನ್ನು ಸ್ನೆಲ್ ಸಂಸ್ಥೆ ತನ್ನ ಜಾಲತಾಣದಲ್ಲಿ ಹಾಕಿದೆ. ಮಾಡೆಲ್ ಹೆಸರು ಮಾತ್ರವಲ್ಲ, ನಿಮ್ಮ ಸೈಜ್ ಕೂಡ ಆ ಪಟ್ಟಿಯಲ್ಲಿದೆಯೇ ನೋಡಿ.

ಹಂತ 3: ಕಾರಿನ ಬೆಲ್ಟ್ ನೋಡಿ ಬಗೆ ನಿರ್ಧರಿಸಿ

ಕಂಪನಿಯಿಂದ ಬಂದ ಹಾಗೇ ಇರುವ ಹ್ಯಾಚ್‌ಬ್ಯಾಕ್ ಅಥವಾ ಸೆಡಾನ್, ಮೂರು ಬಿಂದುವಿನ ಮಾಮೂಲಿ ಬೆಲ್ಟ್, ರೋಲ್ ಕೇಜ್ ಇಲ್ಲ, ವರ್ಷಕ್ಕೆ ಒಂದೆರಡು ಟ್ರ್ಯಾಕ್ ಡೇ (ಸ್ಪರ್ಧೆಯಿಲ್ಲದೆ ಸ್ವಂತ ಕಾರನ್ನು ಟ್ರ್ಯಾಕ್ ಮೇಲೆ ಓಡಿಸುವ ದಿನ). ಹೀಗಿದ್ದರೆ ಮತ್ತು ಆಯೋಜಕರು ಒಪ್ಪಿದರೆ, ತಲೆಗೆ ಸರಿಯಾಗಿ ಕೂರುವ, ಇಸಿಇ 22.06 ಅಥವಾ ಸ್ನೆಲ್ ಎಂ ಇರುವ ಪೂರ್ಣ ಮುಖದ ಬೈಕ್ ಹೆಲ್ಮೆಟ್ಟಿನಿಂದ ಶುರುಮಾಡುವುದರಲ್ಲಿ ತಪ್ಪಿಲ್ಲ. ಸರಿ ಕೂರದ ಎಸ್‌ಎಗಿಂತ ಸರಿ ಕೂರುವ ಇದೇ ಮೇಲು. ಬೆಂಕಿಯ ರಕ್ಷಣೆ ಇಲ್ಲ ಎಂಬುದು ಮಾತ್ರ ತಿಳಿದಿರಲಿ. ಗದ್ದ ಎತ್ತಿ ಮಡಚುವ ಬಗೆ ಟ್ರ್ಯಾಕ್‌ಗೆ ಬೇಡ.

ರೋಲ್ ಕೇಜ್, ರೇಸ್ ಸೀಟ್, ಆರು ಬಿಂದುವಿನ ಬೆಲ್ಟ್ ಹಾಕಿಸಿದ ಕಾರಾದರೆ ಎಸ್‌ಎ ಬಿಟ್ಟು ಬೇರೆ ಯೋಚನೆ ಬೇಡ. ಅದರ ಜೊತೆ ಹ್ಯಾನ್ಸ್ ಕೂಡ ಬೇಕು. ಭುಜವನ್ನು ಬೆಲ್ಟ್ ಸೀಟಿಗೆ ಬಿಗಿದಾಗ ದೇಹ ನಿಲ್ಲುತ್ತದೆ, ತಲೆ ಮಾತ್ರ ಮುಂದಕ್ಕೆ ಹೋಗುತ್ತದೆ. ಇಲ್ಲಿ ತೂಕದ ಲೆಕ್ಕ ಬರುತ್ತದೆ. 50 ಜಿ, ಅಂದರೆ ಗುರುತ್ವದ 50 ಪಟ್ಟು ಬಲದ ಡಿಕ್ಕಿಯಲ್ಲಿ 1.5 ಕಿಲೋ ಹೆಲ್ಮೆಟ್ ಒಂದೇ 75 ಕಿಲೋದಷ್ಟು ಭಾರವಾಗಿ ಕುತ್ತಿಗೆಯನ್ನು ಎಳೆಯುತ್ತದೆ, ತಲೆಯ ಭಾರ ಬೇರೆ. ಹ್ಯಾನ್ಸ್‌ನ ಕಾಲರ್ ಭುಜದ ಬೆಲ್ಟ್ ಅಡಿ ಕೂತು, ಎರಡು ಪಟ್ಟಿಗಳಿಂದ ಹೆಲ್ಮೆಟ್ಟನ್ನು ಹಿಡಿದು ಆ ಎಳೆತವನ್ನು ಕುತ್ತಿಗೆಯಿಂದ ತಪ್ಪಿಸುತ್ತದೆ. ಎಸ್‌ಎ 2015ರಿಂದೀಚಿನ ಎಸ್‌ಎ ಹೆಲ್ಮೆಟ್‌ಗಳಲ್ಲಿ ಇದರ ಕೊಂಡಿಗಳಿಗೆ ಎಂ6 ಅಳತೆಯ ಸ್ಕ್ರೂ ಕೂರುವ ಮರೆಗಳು ಕಾರ್ಖಾನೆಯಲ್ಲೇ ಇರುತ್ತವೆ. ಇಲ್ಲದ ಹೆಲ್ಮೆಟ್ಟಿಗೆ ಗ್ಯಾರೇಜಿನಲ್ಲಿ ಡ್ರಿಲ್ ಮಾಡಿಸಬೇಡಿ. ತೂತು ಬಿದ್ದ ಕಡೆ ಚಿಪ್ಪು ಸೀಳುತ್ತದೆ, ಪ್ರಮಾಣಪತ್ರವೂ ಹೋಗುತ್ತದೆ. ಕ್ಯಾಮೆರಾ ಮೌಂಟಿಗೂ ಇದೇ ಮಾತು. ಕ್ಯಾಮೆರಾ ಕಾರಿಗೆ ಇರಲಿ.

ಮಾಮೂಲಿ ಹ್ಯಾನ್ಸ್ ಮೂರು ಬಿಂದುವಿನ ಬೆಲ್ಟ್ ಜೊತೆ ಕೆಲಸ ಮಾಡದು, ಒಂದು ಭುಜಕ್ಕೆ ಬೆಲ್ಟೇ ಇರುವುದಿಲ್ಲವಲ್ಲ. ಹಾಗೆಂದು ಕೇಜ್ ಇಲ್ಲದ ಕಾರಿಗೆ ಭುಜ ಬಿಗಿಯುವ ಬೆಲ್ಟ್ ಮಾತ್ರ ಹಾಕಿಸುವವರಿದ್ದಾರೆ, ಅದು ಅಪಾಯ. ಕಾರು ಮಗುಚಿ ಛಾವಣಿ ಕುಸಿದರೆ ದೇಹ ಪಕ್ಕಕ್ಕೆ ವಾಲಲು ಆಗದೆ ತಲೆಯೇ ಛಾವಣಿಯ ಭಾರ ಹೊರುತ್ತದೆ. ಮಾಮೂಲಿ ಕಾರಿಗೆ ಮಾಮೂಲಿ ಬೆಲ್ಟ್ ಮತ್ತು ಏರ್‌ಬ್ಯಾಗ್ ಇರಲಿ. ಎದೆಯಿಂದ ಸ್ಟೀರಿಂಗ್ ನಡುವಿಗೆ ಕನಿಷ್ಠ 25 ಸೆಂಟಿಮೀಟರ್ ಬಿಟ್ಟು ಕೂರಿ.

ಹಂತ 4: ಅಳತೆ

ದರ್ಜಿಯ ಟೇಪ್ ತೆಗೆದುಕೊಳ್ಳಿ. ಹುಬ್ಬಿನಿಂದ ಸುಮಾರು ಎರಡು ಸೆಂಟಿಮೀಟರ್ ಮೇಲೆ, ಕಿವಿಗಳ ಮೇಲಿಂದ, ತಲೆಯ ಹಿಂದೆ ಅತಿ ಹೆಚ್ಚು ಉಬ್ಬಿದ ಕಡೆ ಸುತ್ತಿಸಿ. ಮೂರು ಸಲ ಅಳೆದು ದೊಡ್ಡ ಸಂಖ್ಯೆ ಹಿಡಿಯಿರಿ. ಟೇಪ್ ಇಲ್ಲದಿದ್ದರೆ ಎಳೆದರೆ ಹಿಗ್ಗದ ದಾರ ಸುತ್ತಿ ಸ್ಕೇಲ್ ಮೇಲೆ ಇಟ್ಟು ನೋಡಿ. ಹೆಚ್ಚಿನ ಕಂಪನಿಗಳಲ್ಲಿ 55–56 ಸ್ಮಾಲ್, 57–58 ಮೀಡಿಯಂ, 59–60 ಲಾರ್ಜ್, 61–62 ಎಕ್ಸ್‌ಎಲ್. ಆದರೂ ಆ ಕಂಪನಿಯದೇ ಪಟ್ಟಿ ನೋಡಿ, ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗುವುದುಂಟು.

ಸುತ್ತಳತೆ ಒಂದೇ ಇದ್ದರೂ ತಲೆಯ ಆಕಾರ ಬೇರೆ ಇರುತ್ತದೆ. ಮೇಲಿನಿಂದ ಒಂದು ಫೋಟೊ ತೆಗೆಸಿ ನೋಡಿ: ದುಂಡಗೋ, ಹಿಂದೆ-ಮುಂದೆ ಉದ್ದವೋ, ನಡುವಿನದೋ? ಉದ್ದ ತಲೆಗೆ ದುಂಡು ಹೆಲ್ಮೆಟ್ ಹಾಕಿದರೆ ಹಣೆಯ ನಡುವೆ ಒತ್ತಿ ಅರ್ಧ ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ, ಕಿವಿಯ ಮೇಲೆ ಮಾತ್ರ ಜಾಗ ಖಾಲಿ. ಆಗ ಜನ ಒಂದು ಸೈಜ್ ದೊಡ್ಡದು ಕೊಳ್ಳುತ್ತಾರೆ. ನೋವು ಹೋಗುತ್ತದೆ, ಅದರ ಜೊತೆ ಹಿಡಿತವೂ ಹೋಗುತ್ತದೆ. ಇಲ್ಲಿ ಬದಲಿಸಬೇಕಾದ್ದು ಮಾಡೆಲನ್ನು.

ಹಂತ 5: ಹಾಕಿ ನೋಡುವುದು

ಇದಕ್ಕೆ ಸಮಯ ಕೊಡಿ. ಕಾರವಾರದಲ್ಲಿ, ಶಿರಸಿಯಲ್ಲಿ ಎಸ್‌ಎ ಹೆಲ್ಮೆಟ್ ಹಾಕಿ ನೋಡಲು ಸಿಗುವುದು ಕಷ್ಟ. ಬೈಕ್ ಹೆಲ್ಮೆಟ್ಟಾದರೆ ಹುಬ್ಬಳ್ಳಿ ಅಥವಾ ಮಡಗಾಂವ್‌ನ ದೊಡ್ಡ ಅಂಗಡಿಗೆ ಹೋಗಿ. ಎಸ್‌ಎ ತರಿಸುವುದಾದರೆ ಸೈಜ್ ಬದಲಿಸಿಕೊಡುತ್ತೀರಾ, ವಾಪಸ್ ಕಳಿಸುವ ಕೊರಿಯರ್ ಖರ್ಚು ಯಾರದು, ಆಮದು ಸುಂಕ ಸೇರಿ ಒಟ್ಟು ಎಷ್ಟು ಎಂದು ಮೊದಲೇ ಕೇಳಿ. ಬಂದ ಮೇಲೆ ಸ್ಟಿಕ್ಕರ್, ಪ್ಲಾಸ್ಟಿಕ್ ಕೀಳದೆ ಮನೆಯಲ್ಲೇ ಪರೀಕ್ಷಿಸಿ.

ಗದ್ದದ ಪಟ್ಟಿಗಳನ್ನು ಎರಡೂ ಕಡೆಗೆ ಎಳೆದು ಹಿಡಿದು ತಲೆಗೆ ಇಳಿಸಿ. ಕಿವಿ ಮಡಚಿಕೊಂಡರೆ ಬೆರಳು ಹಾಕಿ ಬಿಡಿಸಿ. ಹೊಸದರಲ್ಲಿ ಕೆನ್ನೆ ಒತ್ತಿ ತುಟಿ ಸ್ವಲ್ಪ ಮುಂದೆ ಬರಬೇಕು. ಮಾತಾಡುವಾಗ ಕೆನ್ನೆಯ ಒಳಭಾಗ ಹಲ್ಲಿಗೆ ತಾಗಿದರೆ ಬಿಗಿ ಸರಿಯಿದೆ. ಪ್ಯಾಡುಗಳು ಕೆಲವು ದಿನದ ಬಳಕೆಯಲ್ಲಿ ಸಡಿಲವಾಗುತ್ತವೆ. ಅಂಗಡಿಯಲ್ಲೇ ಹಾಯೆನಿಸುವ ಹೆಲ್ಮೆಟ್ ಮುಂದೆ ತಲೆಯ ಮೇಲೆ ಆಡತೊಡಗುತ್ತದೆ.

ಈಗ ಗದ್ದದ ಪಟ್ಟಿ. ಟ್ರ್ಯಾಕ್‌ಗೆ ಎರಡು ‘ಡಿ’ ಆಕಾರದ ರಿಂಗ್ ಇರುವುದೇ ಸರಿ. ತುದಿಯನ್ನು ಎರಡೂ ರಿಂಗ್‌ಗಳ ಒಳಗಿಂದ ತೂರಿಸಿ, ಹೊರಗಿನ ರಿಂಗ್ ಮೇಲಿಂದ ಹಿಂದಕ್ಕೆ ತಿರುಗಿಸಿ, ಒಳಗಿನ ರಿಂಗ್ ಒಳಗಿಂದ ಎಳೆಯಿರಿ. ಗದ್ದದಡಿ ಒಂದು ಬೆರಳು ಕಷ್ಟಪಟ್ಟು ಹೋಗಬೇಕು. ತುದಿಯಲ್ಲಿರುವ ಪ್ರೆಸ್ ಬಟನ್ ಪಟ್ಟಿ ಪಟಪಟ ಹಾರದಿರಲಿ ಎಂದು ಮಾತ್ರ ಇದೆ. ಬಟನ್ ಹಾಕಿ ರಿಂಗ್‌ಗೆ ಪೋಣಿಸದೆ ಬಿಟ್ಟರೆ ಹೆಲ್ಮೆಟ್ ಕಟ್ಟಿಯೇ ಇಲ್ಲ.

ಪಟ್ಟಿ ಬಿಗಿದ ಮೇಲೆ ಎರಡು ಪರೀಕ್ಷೆ. ಕನ್ನಡಿ ಮುಂದೆ ನಿಂತು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ತಿರುಗಿಸಿ. ಹುಬ್ಬಿನ ಚರ್ಮವೂ ಅದರ ಜೊತೆ ಸರಿಯಬೇಕು. ಚರ್ಮ ನಿಂತಲ್ಲೇ ನಿಂತು ಹೆಲ್ಮೆಟ್ ಮಾತ್ರ ಜಾರಿದರೆ ದೊಡ್ಡದಾಯಿತು. ಎರಡನೆಯದಕ್ಕೆ ಇನ್ನೊಬ್ಬರು ಬೇಕು: ತಲೆ ಮುಂದಕ್ಕೆ ಬಗ್ಗಿಸಿ ನಿಲ್ಲಿ, ಅವರು ಹಿಂಗತ್ತಿನ ಅಂಚನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಜೋರಾಗಿ ತಳ್ಳಲಿ. ಕಳಚಿ ಬಂದರೆ ಆ ಹೆಲ್ಮೆಟ್ ಬೇಡವೇ ಬೇಡ. ಡಿಕ್ಕಿಯ ಮೊದಲ ಪೆಟ್ಟಿಗೇ ಅದು ತಲೆಯಿಂದ ಹಾರಿಹೋಗುತ್ತದೆ.

ಆಮೇಲೆ 30 ನಿಮಿಷ ಹಾಕಿಕೊಂಡೇ ಇರಿ. ತೆಗೆದ ಮೇಲೆ ಹಣೆಯೆಲ್ಲ ಸಮನಾಗಿ ಕೆಂಪಾಗಿದ್ದರೆ ಒಳ್ಳೆಯದು. ಒಂದೇ ಕಡೆ ಗಾಢ ಕೆಂಪು ಕಲೆ, ಅಲ್ಲಿಯೇ ನೋವು ಇದ್ದರೆ ಆಕಾರ ಹೊಂದಲಿಲ್ಲ. ಕನ್ನಡಕದವರು ಕನ್ನಡಕ ಹಾಕಿಯೇ ನೋಡಿ. ನೇರ ಕಡ್ಡಿಯವು ಪ್ಯಾಡಿನ ನಡುವೆ ಸುಲಭವಾಗಿ ಹೋಗುತ್ತವೆ. ಉದ್ದ ಕೂದಲಿನವರು ಜಡೆಯನ್ನು ಕುತ್ತಿಗೆಯ ಕೆಳಗೆ ಸಡಿಲವಾಗಿ ಬಿಡಬೇಕು. ತುರುಬು ಕಟ್ಟಿದರೆ ಹೆಲ್ಮೆಟ್ ಮುಂದಕ್ಕೆ ವಾಲುತ್ತದೆ.

ಕೊನೆಗೆ ಹೆಲ್ಮೆಟ್ ಹಾಕಿ ನಿಮ್ಮ ಕಾರಿನಲ್ಲಿ ಕೂತು ಬೆಲ್ಟ್ ಬಿಗಿಯಿರಿ. ಛಾವಣಿ ತಾಗಿದರೆ ಸೀಟ್ ಇಳಿಸಿ, ಬೆನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ. ನೆತ್ತಿಗೂ ಛಾವಣಿಗೂ ನಡುವೆ ಎರಡು ಬೆರಳಾದರೂ ತೂರಬೇಕು. ಮೂರೂ ಕನ್ನಡಿ, ಸ್ಪೀಡೋಮೀಟರ್, ಬಲಬದಿಯಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್ ಕಾಣುವಷ್ಟು ಕತ್ತು ತಿರುಗುತ್ತದೆಯೇ ನೋಡಿ. ಈ ಪರೀಕ್ಷೆ ಅಂಗಳದಲ್ಲೇ ಆಗಲಿ, ಟ್ರ್ಯಾಕಿನಲ್ಲಿ ಬೇಡ.

ಹಂತ 6: ತಲೆವಸ್ತ್ರ ಮತ್ತು ಎಣ್ಣೆ

ತಲೆಗೆ ತೆಂಗಿನೆಣ್ಣೆ ಹಚ್ಚುವ ರೂಢಿ ನಮ್ಮ ಕಡೆ ಮನೆಮನೆಯಲ್ಲಿದೆ. ಟ್ರ್ಯಾಕ್‌ಗೆ ಹೋಗುವ ದಿನ ಅದು ಬೇಡ, ಹಿಂದಿನ ದಿನವೇ ತಲೆ ತೊಳೆದುಕೊಳ್ಳಿ. ಬೆಂಕಿ ತಡೆಯುವ ಒಳಬಟ್ಟೆ ಎಣ್ಣೆ ಕುಡಿದರೆ ಆ ಎಣ್ಣೆಯೇ ಉರಿಯುವ ಪದಾರ್ಥ. ಕೂದಲೆಣ್ಣೆ, ಬೆವರು, ಕ್ರೀಮುಗಳು ವರ್ಷಗಟ್ಟಲೆ ಇಳಿದು ಒಳಗಿನ ಅಂಟು ಮತ್ತು ಪದರವನ್ನು ದುರ್ಬಲ ಮಾಡುತ್ತವೆ. ಐದು ವರ್ಷಕ್ಕೆ ಹೆಲ್ಮೆಟ್ ಬದಲಿಸಿ ಎಂದು ಸ್ನೆಲ್ ಹೇಳುವ ಕಾರಣಗಳಲ್ಲಿ ಇದೂ ಒಂದು. ಒಳಗೆ ನೊಮೆಕ್ಸ್ ಎಂಬ ಬೆಂಕಿ ತಡೆಯುವ ಬಟ್ಟೆಯ ಬಾಲಕ್ಲಾವ (ತಲೆ, ಮುಖ ಮುಚ್ಚುವ ಟೊಪ್ಪಿಗೆ) ಹಾಕಿದರೆ ಎಣ್ಣೆ, ಬೆವರು ಅದಕ್ಕೇ ಅಂಟುತ್ತದೆ, ತೊಳೆಯುವುದು ಸುಲಭ. ನೊಮೆಕ್ಸ್ ಸಿಗದಿದ್ದರೆ ಶುದ್ಧ ಹತ್ತಿಯದು ಇರಲಿ. ಬೈಕಿನವರು ಹಾಕುವ ಪಾಲಿಯೆಸ್ಟರ್ ಮುಖವಸ್ತ್ರ ಬೇಡ, ಬೆಂಕಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಅಳತೆ ನೋಡುವಾಗಲೂ ಬಾಲಕ್ಲಾವ ಹಾಕಿಕೊಂಡೇ ನೋಡಬೇಕು.

ಹಂತ 7: ನಮ್ಮ ಮಳೆಯಲ್ಲಿ ಇಟ್ಟುಕೊಳ್ಳುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ, ಸಿದ್ದಾಪುರದಲ್ಲಿ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಬೆವರು ಕುಡಿದ ಹೆಲ್ಮೆಟ್ಟನ್ನು ಚೀಲದೊಳಗೆ ಹಾಕಿ ಕಪಾಟಿನಲ್ಲಿಟ್ಟರೆ ಹದಿನೈದು ದಿನದಲ್ಲಿ ಕೆನ್ನೆಯ ಪ್ಯಾಡ್ ಮೇಲೆ ಬಿಳಿ ಚುಕ್ಕೆ ಏಳುತ್ತದೆ. ಹಾಗಾಗದಿರಲು, ಮನೆಗೆ ಬಂದ ದಿನವೇ ತೆಗೆಯಲು ಬರುವ ಪ್ಯಾಡುಗಳನ್ನು ತೆಗೆದು, ತಣ್ಣೀರಿಗೆ ಸ್ವಲ್ಪ ಬೇಬಿ ಶಾಂಪೂ ಹಾಕಿ ಕೈಯಲ್ಲೇ ಹಿಸುಕಿ ತೊಳೆಯಿರಿ. ಬ್ಲೀಚ್, ಬಟ್ಟೆ ಮೃದು ಮಾಡುವ ದ್ರಾವಣ ಬೇಡ. ಒಳಬಟ್ಟೆ ತೆಗೆಯಲು ಬಾರದ ಎಸ್‌ಎಗಳೂ ಇವೆ. ಅವಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಯಿ ಮೇಲಾಗಿ ಮಲಗಿಸಿ ರಾತ್ರಿಯಿಡೀ ಫ್ಯಾನ್ ಕೆಳಗೆ ಇಡಿ.

ಒಣಗಲಿ ಎಂದು ಬಚ್ಚಲ ಒಲೆಯ ಹತ್ತಿರವೋ ಅಡಿಕೆ ಒಣಗಿಸುವ ಹೊಗೆ ಅಟ್ಟದಲ್ಲೋ ಇಡಬೇಡಿ. ಬಿಸಿಗೆ ಇಪಿಎಸ್ ಮೆತ್ತಗಾಗಿ ಕುಗ್ಗುತ್ತದೆ, ಅಂಟು ಬಿಡುತ್ತದೆ. ಪೆಟ್ರೋಲ್ ಕ್ಯಾನ್, ಥಿನ್ನರ್, ತೋಟಕ್ಕೆ ಹೊಡೆಯುವ ಔಷಧಿ ಇಟ್ಟ ಕೋಣೆಯೂ ಬೇಡ. ಪೆಟ್ರೋಲ್, ಥಿನ್ನರ್ ತಾಗಿದರೆ ಇಪಿಎಸ್ ಕರಗುತ್ತದೆ. ರೇಡಿಯಂ ಅಂಗಡಿಯಲ್ಲಿ ಹೆಸರು ಬರೆಸುವಾಗ ಹಳೆಯ ಅಂಟನ್ನು ಥಿನ್ನರ್ ಹಾಕಿ ಒರೆಸುತ್ತಾರೆ, ಅದನ್ನು ತಡೆಯಿರಿ. ಪಾಲಿಕಾರ್ಬೊನೇಟ್ ಚಿಪ್ಪಿಗೆ ಥಿನ್ನರ್ ತಾಗಿದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ.

ಕರಾವಳಿಯ ಗಾಳಿಯಲ್ಲಿ ಉಪ್ಪಿದೆ. ವೈಸರ್ ಮೇಲೆ ಕೂತ ಉಪ್ಪು, ಧೂಳನ್ನು ಒಣ ಬಟ್ಟೆಯಿಂದ ಉಜ್ಜಿದರೆ ಸಣ್ಣ ಗೀರುಗಳು ಬಿದ್ದು ಎದುರು ಬಿಸಿಲಿನಲ್ಲಿ ಏನೂ ಕಾಣದಾಗುತ್ತದೆ. ಮೊದಲು ನೀರು ಸುರಿಸಿ, ಐದು ನಿಮಿಷ ಒದ್ದೆ ಬಟ್ಟೆ ಹೊದಿಸಿ, ಆಮೇಲೆ ಬೆರಳಲ್ಲೇ ಸೋಪುನೀರು ಸವರಿ ತೊಳೆಯಿರಿ. ಮನೆಯ ಕಿಟಕಿ ಒರೆಸುವ ಅಮೋನಿಯ ದ್ರಾವಣ ಇದಕ್ಕೆ ಶತ್ರು. ವೈಸರಿನ ಸ್ಕ್ರೂ ಮತ್ತು ಹ್ಯಾನ್ಸ್ ಕೊಂಡಿಗಳಿಗೆ ತುಕ್ಕು ಬಂದಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ.

ಸಾಗಿಸುವಾಗ ಅರಬೈಲ್ ಅಥವಾ ದೇವಿಮನೆ ಘಟ್ಟದ ತಿರುವುಗಳಲ್ಲಿ ಡಿಕ್ಕಿಯೊಳಗೆ ಬಿಡಿಯಾಗಿಟ್ಟ ಹೆಲ್ಮೆಟ್ ಜಾಕ್‌ಗೆ, ಸ್ಪ್ಯಾನರ್‌ಗೆ ಬಡಿಯುತ್ತ ಹೋಗುತ್ತದೆ. ಮುಂದಿನ ಸೀಟಿನ ಹಿಂದೆ, ನೆಲದ ಮೇಲೆ, ಟವೆಲ್ ಸುತ್ತಿ ಒತ್ತಿ ಇಡಿ. ಬೈಕಿನ ಕನ್ನಡಿಯ ಮೇಲೆ ಸಿಕ್ಕಿಸಿಡುವ ಅಭ್ಯಾಸ ಬಿಡಿ, ಆ ಕಡ್ಡಿ ಒತ್ತಿದ ಕಡೆ ಒಳಪದರದಲ್ಲಿ ಗುಳಿ ಬೀಳುತ್ತದೆ.

ಬದಲಿಸುವುದು ಯಾವಾಗ

ತಲೆಯ ಮೇಲಿದ್ದಾಗ ಪೆಟ್ಟು ಬಿದ್ದರೆ, ಹೊರಗೆ ಗೀರೂ ಕಾಣದಿದ್ದರೂ, ಬದಲಿಸಲೇಬೇಕು. ಖಾಲಿ ಹೆಲ್ಮೆಟ್ ಕೈಜಾರಿ ಮೊಣಕಾಲೆತ್ತರದಿಂದ ಬಿದ್ದದ್ದಕ್ಕೆ ಗಾಬರಿ ಬೇಡ. ಒಳಗೆ ತಲೆಯ ಭಾರ ಇಲ್ಲದಿದ್ದಾಗ ಇಪಿಎಸ್ ಅಷ್ಟಾಗಿ ಜಜ್ಜುವುದಿಲ್ಲ. ಆದರೆ ಪ್ಯಾಡ್ ತೆಗೆದು ಒಳಪದರದ ಮೇಲೆ ಬೆರಳಾಡಿಸಿ, ಬಿರುಕು ಅಥವಾ ಗುಳಿ ಸಿಕ್ಕಿದರೆ ಮುಗಿಯಿತು. ಚಿರೇಕಲ್ಲಿನ ಮೆಟ್ಟಿಲ ಮೇಲೆ ಎದೆಯೆತ್ತರದಿಂದ ಬಿದ್ದಿದ್ದರೆ ಅನುಮಾನ ಇಟ್ಟುಕೊಂಡು ಓಡಿಸುವುದಕ್ಕಿಂತ ಬದಲಿಸುವುದೇ ಸರಿ. ಅದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ, ಅದಕ್ಕೆ ಏನೇನಾಗಿತ್ತೆಂದು ಮಾರುವವರಿಗೂ ಗೊತ್ತಿರುವುದಿಲ್ಲ. ಕೊಂಡ ತಿಂಗಳು, ವರ್ಷವನ್ನು ಬಿಲ್ ಮೇಲೆ ಬರೆದಿಡಿ, ಐದು ವರ್ಷದ ಲೆಕ್ಕಕ್ಕೆ ಬೇಕಾಗುತ್ತದೆ.

ತೆಗೆದುಹಾಕುವ ದಿನ ಗದ್ದದ ಪಟ್ಟಿಯನ್ನು ಎರಡೂ ಕಡೆ ಕತ್ತರಿಸಿಯೇ ಬಿಸಾಡಿ. ಹಾಗೇ ಅಟ್ಟದ ಮೇಲೆ ಇಟ್ಟರೆ ಮನೆಯಲ್ಲಿ ಯಾರೋ ಒಬ್ಬರು ಸ್ಕೂಟರಿಗೆ ತೆಗೆದುಕೊಂಡು ಹೋಗುತ್ತಾರೆ.